ಜಟ್ಟಪ್ಪ ಮಗಳಿಗೆ ಕಟ್ಟಿದ ಪೈಪಿನ ದಾರಿ

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದುಗಡೆ ಜಟ್ಟಪ್ಪನ ವೆಲ್ಡಿಂಗ್ ಶೆಡ್ಡು ಇತ್ತು. ಬೋರ್ಡು ಏನೂ ಇರಲಿಲ್ಲ. ಗೇಟು ಬೇಕಾದವರು, ಕಿಟಕಿಗೆ ಸರಳು ಬೇಕಾದವರು, ತಾರಸಿಯ ಮೇಲೆ ಶೀಟು ಹೊದಿಸುವುದಕ್ಕೆ ಪೈಪಿನ ಚಪ್ಪರ ಬೇಕಾದವರು ಕೇಳಿಕೊಂಡು ಅಲ್ಲಿಗೇ ಬರುತ್ತಿದ್ದರು. ಅವನ ಕೆಲಸಕ್ಕೆ ಹೆಸರು ಬಂದದ್ದು ಅಂದಕ್ಕಲ್ಲ, ಗಟ್ಟಿತನಕ್ಕೆ. ಒಮ್ಮೆ ಲಾರಿಯೊಂದು ಹಿಂದಕ್ಕೆ ಬಂದು ಒಬ್ಬರ ಮನೆಯ ಗೇಟಿಗೆ ಗುದ್ದಿತ್ತು. ಕಲ್ಲಿನ ಕಂಬ ಬುಡಸಮೇತ ಕಿತ್ತು ಬಂತು, ಜಟ್ಟಪ್ಪ ಹಾಕಿದ ಬೆಸುಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ. ಆ ಕತೆಯನ್ನು ಅವನ ಜೊತೆಗಾರ ಮಾರಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಜಟ್ಟಪ್ಪ ಅದನ್ನು ಕೇಳಿಯೂ ಕೇಳದವನ ಹಾಗೆ ರಾಡು ಸಿಕ್ಕಿಸಿಕೊಂಡು ಕೂತುಬಿಡುತ್ತಿದ್ದ. ಒಳಗೊಳಗೇ ಅವನಿಗೆ ಅದು ಇಷ್ಟ.

ವೆಲ್ಡಿಂಗ್ ಕೆಲಸದಲ್ಲಿ ಟ್ಯಾಕ್ ಅಂತ ಒಂದಿದೆ. ಎರಡು ಪೈಪು ಸೇರುವ ಕಡೆ ಮೊದಲು ಹುಣಸೆಬೀಜದಷ್ಟು ಬೆಸುಗೆ ಇಟ್ಟು, ನೇರ ಕೂತಿದೆಯೋ ಓರೆಯಾಗಿದೆಯೋ ನೋಡಿಕೊಳ್ಳುವುದು. ಸರಿ ಕೂತಿದ್ದರೆ ಆಮೇಲೆ ಸುತ್ತಲೂ ತುಂಬಿ ಬೆಸೆಯಬೇಕು. ಬಟ್ಟೆ ಹೊಲಿಯುವವರು ಮೊದಲು ಕಚ್ಚಾ ಹೊಲಿಗೆ ಹಾಕಿಕೊಳ್ಳುವುದಿಲ್ಲವೇ, ಹಾಗೆ. ಟ್ಯಾಕ್ ಮಾಡಿದ್ದನ್ನು ನೋಡಿದರೆ ಕೆಲಸ ಮುಗಿದ ಹಾಗೇ ಕಾಣುತ್ತದೆ. ಆದರೆ ಭಾರ ತಡೆಯುವುದಿಲ್ಲ. ಗಿರಾಕಿಯ ಮನೆಯಲ್ಲಿ ಒಂದೇ ಒಂದು ಟ್ಯಾಕ್ ತುಂಬದೆ ಬಿಟ್ಟು ಬಂದ ದಾಖಲೆ ಜಟ್ಟಪ್ಪನದ್ದಿರಲಿಲ್ಲ.

ಅವನ ಸ್ವಂತ ಮನೆ ಬಾಳೆಹೊನ್ನೂರು ರಸ್ತೆಯಲ್ಲಿ, ಊರಿನಿಂದ ಮೂರು ಮೈಲಿ ದೂರದಲ್ಲಿತ್ತು. ಗುಡ್ಡ ಕಡಿದು ಮಾಡಿದ ಜಾಗ. ರಸ್ತೆಯಿಂದ ಅಂಗಳಕ್ಕೆ ಇಪ್ಪತ್ತಾರು ಮೆಟ್ಟಿಲು ಇಳಿಯಬೇಕು. ಅಂಗಳದ ಆಚೆ ಅಂಚಿನಲ್ಲಿ ಹನ್ನೆರಡು ಅಡಿ ಆಳಕ್ಕೆ ನೇರ ಕಡಿದ ಧರೆ, ಧರೆಯ ಕೆಳಗೆ ಬಂಡೆ. ಅಲ್ಲಿಗೊಂದು ಕಂಬಿ ಹಾಕಿ ಅಂತ ಹೆಂಡತಿ ಕಮಲಕ್ಕ ವರ್ಷಗಟ್ಟಲೆ ಹೇಳಿದ ಮೇಲೆ, ಎರಡು ಸಾವಿರನೇ ಇಸವಿಯ ಒಂದು ಭಾನುವಾರ ಜಟ್ಟಪ್ಪ ಮಷಿನ್ನು ತಂದು ಅಂಚಿನುದ್ದಕ್ಕೂ ಪೈಪು ನಿಲ್ಲಿಸಿ ಟ್ಯಾಕ್ ಹೊಡೆದ. ಅಷ್ಟು ಹೊತ್ತಿಗೆ ಕರೆಂಟು ಹೋಯಿತು. ಸಂಜೆಯವರೆಗೆ ಕಾದರೂ ಬರಲಿಲ್ಲ. ಮಾರನೇ ದಿನ ಯಾರದೋ ಗೃಹಪ್ರವೇಶದ ಗೇಟಿನ ತುರ್ತು ಅಂತ ಮಷಿನ್ನು ಊರಿಗೆ ವಾಪಸು ಹೋಯಿತು. ಆಮೇಲೆ ಇನ್ನೊಬ್ಬರ ಕೆಲಸ, ಮತ್ತೊಬ್ಬರ ಕೆಲಸ. ಕಂಬಿ ನಿಂತೇ ಇತ್ತಲ್ಲ. ಕಮಲಕ್ಕ ಅದರ ಮೇಲೆ ಬಟ್ಟೆ ಒಣಗಿಸಿದಳು. ಹಾಗೇ ಎರಡು ವರ್ಷ ಕಳೆಯಿತು.

ಅವರಿಗೆ ಒಬ್ಬಳೇ ಮಗಳು, ನಯನ. ಎರಡನೇ ಪಿಯುಸಿ ಓದುತ್ತಿದ್ದಳು. ಒಂದು ದಿನ ಊಟಕ್ಕೆ ಕೂತಾಗ, ಮೂಲೆಯ ಕಂಬಿ ಅಲ್ಲಾಡ್ತದೆ ಅಂತ ಅಪ್ಪನಿಗೆ ಹೇಳಿದಳು. ಈ ಭಾನುವಾರ ನೋಡುವ ಅಂದ ಜಟ್ಟಪ್ಪ. ಆ ಭಾನುವಾರ ಅವನು ಎನ್.ಆರ್.ಪುರದಲ್ಲಿ ಯಾರದೋ ಮನೆಯ ಮೆಟ್ಟಿಲಿಗೆ ಕಂಬಿ ಕೂರಿಸುತ್ತಿದ್ದ.

ಎರಡು ಸಾವಿರದ ಎರಡರ ಡಿಸೆಂಬರ್ ತಿಂಗಳು. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ನಯನ ಕಂಬಳಿ ಕೊಡವುವುದಕ್ಕೆ ಅಂಗಳದ ಅಂಚಿಗೆ ಹೋದಳು. ಮೂಲೆಯ ಕಂಬಿಗೆ ಸೊಂಟ ತಾಗಿಸಿ ಮುಂದಕ್ಕೆ ಬಾಗಿದಳು. ಒಳಗೆ ದೋಸೆ ಹುಯ್ಯುತ್ತಿದ್ದ ಕಮಲಕ್ಕನಿಗೆ ಕಬ್ಬಿಣ ಬಂಡೆಗೆ ಬಡಿದ ಸದ್ದು ಮಾತ್ರ ಕೇಳಿತು. ಮಗಳು ಕೂಗಲೇ ಇಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಬೆನ್ನುಹುರಿ ಜಜ್ಜಿಹೋಗಿದೆ ಅಂದರು. ಸೊಂಟದಿಂದ ಕೆಳಗೆ ಸ್ಪರ್ಶ ಇಲ್ಲ, ಬರುವ ಭರವಸೆಯೂ ಇಲ್ಲ. ಐದನೇ ದಿನ ಬಟ್ಟೆಬರೆ ಒಯ್ಯುವುದಕ್ಕೆ ಅಂತ ಜಟ್ಟಪ್ಪ ಒಬ್ಬನೇ ಮನೆಗೆ ಬಂದ. ಬಾಗಿಲು ತೆಗೆಯದೆ ಮೊದಲು ಧರೆಯ ಅಂಚಿಗೆ ಹೋದ. ಪೈಪು ಬಿಟ್ಟುಕೊಂಡ ಜಾಗದಲ್ಲಿ ಒಂದು ಕಡೆ ತುಕ್ಕು, ಇನ್ನೊಂದು ಕಡೆ ಹೊಸದಾಗಿ ಮುರಿದ ಟ್ಯಾಕಿನ ಬಿಳಿ ಚುಕ್ಕೆ. ಅವನು ಶೆಡ್ಡಿಗೆ ಹೋಗಿ ಆಟೋದಲ್ಲಿ ಮಷಿನ್ನು ತಂದ. ಆವತ್ತು ಕರೆಂಟು ಹೋಗಲಿಲ್ಲ. ಬಂಡೆಯ ಮೇಲೆ ಬಿದ್ದಿದ್ದ ಪೈಪನ್ನು ಎತ್ತಿ ತಂದು ಕೂರಿಸಿ, ಮಧ್ಯಾಹ್ನದೊಳಗೆ ಇಡೀ ಕಂಬಿಯ ಒಂದೊಂದು ಸಂದನ್ನೂ ಸುತ್ತ ತುಂಬಿ ಬೆಸೆದ. ಆಮೇಲೆ ಬಟ್ಟೆಯ ಗಂಟು ಹಿಡಿದುಕೊಂಡು ಮಂಗಳೂರು ಬಸ್ಸು ಹತ್ತಿದ. ಹೇಗೆ ಬಿಟ್ಟುಕೊಂಡಿತು ಅಂತ ಕಮಲಕ್ಕ ಕೇಳಿದ್ದಕ್ಕೆ, ಪೈಪಿಗೆ ತುಕ್ಕು ತಿಂದಿತ್ತು ಅಂದ. ಅವಳು ಅದನ್ನೇ ಎಲ್ಲರಿಗೂ ಹೇಳಿದಳು. ಮಳೆಯ ಸೀಮೆಯಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವುದನ್ನು ಯಾರೂ ಅನುಮಾನಿಸಲಿಲ್ಲ.

ಮೂರು ತಿಂಗಳ ಮೇಲೆ ನಯನ ಮನೆಗೆ ಬಂದಳು. ಗಾಲಿಕುರ್ಚಿ ಸಿಕ್ಕಿತು. ಆದರೆ ಅಂಗಳದಿಂದ ರಸ್ತೆಗೆ ಇಪ್ಪತ್ತಾರು ಮೆಟ್ಟಿಲು. ಆಸ್ಪತ್ರೆಗೆ ಹೋಗುವ ದಿನ ಜಟ್ಟಪ್ಪ ಅವಳನ್ನು ಬೆನ್ನಮೇಲೆ ಹೊತ್ತು ಹತ್ತುತ್ತಿದ್ದ, ಹಿಂದಿನಿಂದ ಕುರ್ಚಿ ಹೊತ್ತು ಮಾರಪ್ಪ. ಒಂದು ಸಲ ಹೀಗೆ ಹತ್ತುವಾಗ ಅವಳ ಮೂತ್ರ ಸೇರುವ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡು ಹರಿಯಿತು. ಮೇಲೆ ಬಸ್ಸಿಗೆ ನಿಂತವರು ನೋಡಿದರು. ಒಬ್ಬ ಹೆಂಗಸು ಅಯ್ಯೋ ಪಾಪ ಅಂದಳು. ಅಪ್ಪನ ಅಂಗಿಯ ಬೆನ್ನು ಪೂರ್ತಿ ಒದ್ದೆ. ನಯನ ಮುಖವನ್ನು ಅವನ ಕತ್ತಿನಲ್ಲಿ ಹುದುಗಿಸಿಕೊಂಡು, ಕೆಳಗೆ ಹೋಗುವ ಅಂತ ಮೆಲ್ಲಗೆ ಅಂದಳು. ಅವತ್ತಿನಿಂದ ಒಂದೂವರೆ ವರ್ಷ ಅವಳು ಅಂಗಳ ದಾಟಲಿಲ್ಲ. ಕಾಲೇಜಿನ ಗೆಳತಿಯರು ಮೊದಮೊದಲು ಬಂದರು. ಆಮೇಲೆ ಅವರೂ ಓದು, ಮದುವೆ ಅಂತ ಚದುರಿಹೋದರು.

ಶೃಂಗೇರಿ ಕಡೆಯ ಶಿವಕಿರಣ ಅಂತ ಒಬ್ಬ ಹುಡುಗ, ಕೈಕಾಲಿಗೆ ವ್ಯಾಯಾಮ ಮಾಡಿಸುವವನು, ತಿಂಗಳಿಗೊಮ್ಮೆ ಮನೆಗೇ ಬಂದು ಹೋಗುತ್ತಿದ್ದ. ಅವನು ಒಂದು ದಿನ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿ, ಇಲ್ಲೊಂದು ಇಳಿಜಾರು ದಾರಿ ಮಾಡಿದರೆ ಇವಳೇ ಕುರ್ಚಿ ತಳ್ಳಿಕೊಂಡು ಹೋಗಬಹುದು ಅಂದ. ಎಷ್ಟು ಇಳಿಜಾರು ಅಂತ ಜಟ್ಟಪ್ಪ ಕೇಳಿದ. ಒಂದಡಿ ಏರಿಗೆ ಹನ್ನೆರಡು ಅಡಿ ಉದ್ದ ಅಂದ ಶಿವಕಿರಣ. ಜಟ್ಟಪ್ಪ ನೀರು ತುಂಬಿದ ಸಣ್ಣ ಟ್ಯೂಬು ಹಿಡಿದು ಮಟ್ಟ ನೋಡಿದ. ರಸ್ತೆ ಹದಿನೈದು ಅಡಿ ಮೇಲಿತ್ತು. ಅಂದರೆ ನೂರಾ ಎಂಬತ್ತು ಅಡಿ ದಾರಿ ಬೇಕು. ಇರುವ ಜಾಗ ಐವತ್ತು ಅಡಿಯ ಮೇಲಿಲ್ಲ. ನಾಲ್ಕು ಮಡಿಕೆ ಮಾಡಿ, ಹಾವು ಹರಿದ ಹಾಗೆ ಹತ್ತಿಸಬೇಕು. ಮಡಚುವ ಮೂರು ಕಡೆಯೂ ಕುರ್ಚಿ ತಿರುಗುವಷ್ಟು ಸಮತಟ್ಟು ಬೇಕು. ಮಾರಪ್ಪ ಲೆಕ್ಕ ಕೇಳಿ, "ಇದು ಮನೆಗೆ ಮಾಡೋ ಕೆಲಸ ಅಲ್ಲ ಮಾರಾಯ, ಸೇತುವೆ" ಅಂದ. ಹಾಗಾದರೆ ಸೇತುವೆಯೇ ಆಗಲಿ ಅಂದ ಜಟ್ಟಪ್ಪ.

ಆ ವರ್ಷ ಮಳೆ ನಿಂತ ಮೇಲೆ, ಎರಡು ಸಾವಿರದ ನಾಲ್ಕರ ನವೆಂಬರಿನಲ್ಲಿ ಕೆಲಸ ಶುರುವಾಯಿತು. ಬತ್ತಿದ ಬೋರ್‌ವೆಲ್ಲುಗಳಿಂದ ಎತ್ತಿ ಹಾಕಿದ ಹಳೆಯ ಜಿಐ ಪೈಪುಗಳನ್ನು ತೋಟದವರು ಅವನಿಗೆ ಕೊಟ್ಟರು. ಕೆಲವರು ಹಾಗೇ ಕೊಟ್ಟರು, ಕೆಲವರಿಗೆ ಗೇಟು ಮಾಡಿಕೊಟ್ಟು ತೀರಿಸಿದ. ಶೆಡ್ಡಿನ ಕೆಲಸ ವಾರಕ್ಕೆ ಮೂರು ದಿನ, ಉಳಿದದ್ದು ಮನೆಯಲ್ಲಿ. ಗುಂಡಿ ತೋಡಿ, ಕಾಂಕ್ರೀಟು ಹಾಕಿ, ಮೂರಿಂಚಿನ ಕಂಬ ನೆಟ್ಟರು. ಕಂಬದಿಂದ ಕಂಬಕ್ಕೆ ಅಡ್ಡಪೈಪು, ಅದಕ್ಕೆ ಓರೆ ಊರುಗೋಲು, ಮೇಲೆ ಕಾಲು ಜಾರದ ಹಾಗೆ ಉಬ್ಬುಗೆರೆಯ ತಗಡು. ಜಿಐ ಪೈಪಿನ ಸತುವಿನ ಲೇಪ ಸುಟ್ಟರೆ ಬಿಳಿ ಹೊಗೆ ಬರುತ್ತದೆ, ಅದು ಒಳಗೆ ಹೋದರೆ ರಾತ್ರಿ ಚಳಿಜ್ವರ. ಅದಕ್ಕೇ ಮೊದಲು ಗ್ರೈಂಡರಿನಲ್ಲಿ ಲೇಪ ತೆಗೆಯಬೇಕು. ಎಷ್ಟು ತೆಗೆದರೂ ಸ್ವಲ್ಪ ಉಳಿಯುತ್ತಿತ್ತು. ಆ ಚಳಿಗಾಲದಲ್ಲಿ ಜಟ್ಟಪ್ಪ ಆರೇಳು ಸಲ ಜ್ವರದಲ್ಲಿ ನಡುಗಿದ. ಮಾರನೇ ದಿನ ಬೆಲ್ಲದ ನೀರು ಕುಡಿದು ಮತ್ತೆ ಪೈಪಿನ ಮುಂದೆ ಕೂತ.

ಮಾರಪ್ಪನಿಗೆ ಒಂದು ವಿಷಯ ಸೋಜಿಗ. ಮೂವತ್ತು ವರ್ಷದ ಅಭ್ಯಾಸ ಬಿಟ್ಟು ಜಟ್ಟಪ್ಪ ಇಲ್ಲಿ ಒಂದು ಟ್ಯಾಕ್ ಹೊಡೆದ ಕೂಡಲೇ ಅದನ್ನು ಸುತ್ತ ತುಂಬಿಯೇ ಎರಡನೇ ಸಂದಿಗೆ ಹೋಗುತ್ತಿದ್ದ. ಹಾಗೆ ಮಾಡಿದರೆ ಬಿಸಿಗೆ ಪೈಪು ಎಳೆದುಕೊಂಡು ಓರೆಯಾಗುತ್ತದೆ, ಅದು ಅವನಿಗೆ ಗೊತ್ತಿಲ್ಲದ್ದಲ್ಲ. ಓರೆಯಾದದ್ದನ್ನು ಕೊಯ್ದು ಮತ್ತೆ ಕೂರಿಸುತ್ತಿದ್ದ. ಒಂದು ದಿನದ ಕೆಲಸಕ್ಕೆ ಎರಡು ದಿನ ಹಿಡಿಯುತ್ತಿತ್ತು. ಯಾಕೆ ಅಂತ ಮಾರಪ್ಪ ಒಮ್ಮೆ ಕೇಳಿದ್ದಕ್ಕೆ, ಗ್ರೈಂಡರು ಇತ್ತ ಕೊಡು ಅಂದ.

ಕಮಲಕ್ಕ ಬೆಳಿಗ್ಗೆ ಎಂಟಕ್ಕೆ ಕಾಫಿ ತೋಟದ ಕೆಲಸಕ್ಕೆ ಹೋದರೆ ಬರುವುದು ಸಂಜೆ ಐದಕ್ಕೆ. ಆ ಹೊತ್ತೆಲ್ಲ ಅಂಗಳದಲ್ಲಿ ಅಪ್ಪ ಮಗಳು. ಕಣ್ಣಿಗೆ ಹಿಡಿದುಕೊಳ್ಳುವ ಕಪ್ಪು ಗಾಜಿನ ಇನ್ನೊಂದು ಗುರಾಣಿಯನ್ನು ಜಟ್ಟಪ್ಪ ಅವಳಿಗೆ ಕೊಟ್ಟಿದ್ದ. ಮೊದಮೊದಲು ಅವಳು ಸುಮ್ಮನೆ ನೋಡುತ್ತಿದ್ದಳು. ಆಮೇಲೆ ಮಟ್ಟದ ಟ್ಯೂಬಿನ ಒಂದು ತುದಿ ಹಿಡಿಯತೊಡಗಿದಳು. ಆಮೇಲೆ ತಪ್ಪು ಹೇಳತೊಡಗಿದಳು. "ಅಪ್ಪ, ಇಲ್ಲಿ ಅರ್ಧ ಇಂಚು ಕಮ್ಮಿ." ನೋಡಿದರೆ ಹೌದು. ಅವರ ಮಧ್ಯೆ ಅಷ್ಟು ಮಾತು ಅವಳು ನಡೆದಾಡುತ್ತಿದ್ದ ಕಾಲದಲ್ಲಿ ಎಂದೂ ಇರಲಿಲ್ಲ. ಆಗ ಅವನು ಭಾನುವಾರವೂ ಮನೆಯಲ್ಲಿ ಇರುತ್ತಿರಲಿಲ್ಲವಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ, ಎರಡನೇ ಮಡಿಕೆಯ ಕಂಬಿ ಕೂರಿಸುವಾಗ ಕರೆಂಟು ಹೋಯಿತು. ಮಾರಪ್ಪ ಊಟಕ್ಕೆ ಹೋಗಿದ್ದ. ಜಟ್ಟಪ್ಪ ಮಗಳ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತ. ಕೈಗವಸು ಬಿಚ್ಚಿದ. ಧರೆಯ ಕಡೆ ನೋಡುತ್ತಾ ಅಂದ.

"ಆ ಕಂಬಿಗೆ ತುಕ್ಕು ಹಿಡಿದದ್ದಲ್ಲ ಮಗಾ. ನಾನು ಟ್ಯಾಕ್ ಹೊಡೆದು ಬಿಟ್ಟಿದ್ದೆ. ತುಂಬಿರಲಿಲ್ಲ."

ನಯನ ಗುರಾಣಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಗೊತ್ತು" ಅಂದಳು. "ಬಟ್ಟೆ ಒಣಹಾಕುವಾಗ ನೋಡಿದ್ದೆ. ನಿಮ್ಮ ಶೆಡ್ಡಿನಲ್ಲಿ ಎಷ್ಟು ಸಲ ನೋಡಿಲ್ಲ ನಾನು."

ಅವನು ಅವಳ ಕಡೆ ತಿರುಗಿದ. ಅವಳೇ ಮುಂದುವರಿಸಿದಳು. "ಅಲ್ಲಾಡ್ತದೆ ಅಂತ ಗೊತ್ತಿದ್ದೂ ನಾನೇ ಒರಗಿದ್ದು. ಆವತ್ತು ನೆನಪೇ ಆಗಲಿಲ್ಲ. ಆಸ್ಪತ್ರೆಯಲ್ಲಿ ಎಚ್ಚರ ಬಂದ ಕೂಡಲೇ ನೆನಪಾದದ್ದು ಅದೇ."

"ಮತ್ತೆ ಒಂದು ಮಾತೂ ಹೇಳಲಿಲ್ಲ ನೀನು."

"ಹೇಳಿದ್ರೆ ಅಮ್ಮ ನಿಮ್ಮ ಜೊತೆ ಇರ್ತಿದ್ರಾ?"

ಜಟ್ಟಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮಗಳು ಕೈಚಾಚಿ ಅವನ ತಲೆ ಮುಟ್ಟಲು ನೋಡಿದಳು, ಎಟುಕಲಿಲ್ಲ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಕರೆಂಟು ಬಂತು ಅಪ್ಪ, ಏಳಿ ಅಂದಳು. ಅವನು ಎದ್ದು ಕೆಲಸ ಮುಂದುವರಿಸಿದ.

ಮೇ ತಿಂಗಳ ಕೊನೆಗೆ, ಮೋಡ ಕಟ್ಟುವ ಹೊತ್ತಿಗೆ ದಾರಿ ಮುಗಿಯಿತು. ಕೆಂಪು ಆಕ್ಸೈಡು ಬಳಿದ ಮೇಲೆ ರಸ್ತೆಯಿಂದ ನೋಡಿದರೆ ಮೆಟ್ಟಿಲ ಬದಿಯ ಧರೆಗೆ ಆತುಕೊಂಡು ದೊಡ್ಡದೊಂದು ಏಣಿ ಮಲಗಿದ ಹಾಗೆ ಕಾಣುತ್ತಿತ್ತು. ಮೊದಲು ಎರಡು ಮೂಟೆ ಅಕ್ಕಿ ಇಟ್ಟು ಕುರ್ಚಿ ತಳ್ಳಿದರು. ಆಮೇಲೆ ಮಾರಪ್ಪನೇ ಕೂತ. ಅವನ ಭಾರಕ್ಕೆ ಕುರ್ಚಿ ಕಿರುಗುಟ್ಟಿತೇ ಹೊರತು ದಾರಿ ಮಿಸುಕಲಿಲ್ಲ. ಕಮಲಕ್ಕ ಆವತ್ತು ಕೆಲಸಕ್ಕೆ ಹೋಗಿರಲಿಲ್ಲ. ಮೊದಲ ಕಂಬಕ್ಕೆ ಕುಂಕುಮ ಹಚ್ಚಿ, ಗಂಡನ ಮುಖ ನೋಡಿ, ನಿಮ್ಮಂಥ ಅಪ್ಪ ಯಾರಿಗೂ ಸಿಕ್ಕಲಿಕ್ಕಿಲ್ಲ ಅಂದಳು. ಜಟ್ಟಪ್ಪ ಅತ್ತ ತಿರುಗಿ ಸಾಮಾನು ಜೋಡಿಸತೊಡಗಿದ.

ನಯನ ಯಾರನ್ನೂ ಮುಟ್ಟಗೊಡಲಿಲ್ಲ. ತಾನೇ ಗಾಲಿ ನೂಕಿಕೊಂಡು ಹೊರಟಳು. ಮೂರು ಕಡೆಯೂ ನಿಂತು ಸುಧಾರಿಸಿಕೊಂಡಳು. ಅಂಗೈ ಕೆಂಪಾಗಿತ್ತು. ರಸ್ತೆಯ ಅಂಚಿಗೆ ತಲುಪಿ, ಅಲ್ಲೇ ಹಲಸಿನ ಮರದ ನೆರಳಲ್ಲಿ ಕುರ್ಚಿ ನಿಲ್ಲಿಸಿಕೊಂಡು ಮಧ್ಯಾಹ್ನದವರೆಗೆ ಕೂತಿದ್ದಳು. ಬಾಳೆಹೊನ್ನೂರಿಗೆ ಹೋಗುವ ಬಸ್ಸು, ಬರುವ ಬಸ್ಸು, ಗೊಬ್ಬರದ ಲಾರಿ, ಸಂತೆಗೆ ಹೋಗುವವರು. ಅಷ್ಟೇ ಅವಳು ನೋಡಿದ್ದು. ಊಟಕ್ಕೆ ಕರೆದರೂ ಬರಲಿಲ್ಲ. ಕಮಲಕ್ಕ ಅಲ್ಲಿಗೇ ಅನ್ನ ಕಲಸಿಕೊಂಡು ಹೋದಳು.

ಆ ದಾರಿ ಅವಳಿಗೆ ಹದಿನಾರು ತಿಂಗಳು ಸಿಕ್ಕಿತು. ಬಿಟ್ಟುಹೋದ ಪುಸ್ತಕ ತೆಗೆದಳು. ಮಾರನೇ ವರ್ಷ ಕೊಪ್ಪಕ್ಕೆ ಆಟೋದಲ್ಲಿ ಹೋಗಿ ಪಿಯುಸಿ ಪರೀಕ್ಷೆ ಬರೆದಳು. ಪಾಸಾದಳು. ಇತಿಹಾಸದಲ್ಲಿ ತೊಂಬತ್ತೊಂದು. ಮನೆಯಲ್ಲೇ ಓದಿ ಡಿಗ್ರಿ ಕಟ್ಟುವುದಕ್ಕೆ ಅರ್ಜಿ ತರಿಸಿಕೊಂಡಿದ್ದಳು.

ಎರಡು ಸಾವಿರದ ಆರರ ಸೆಪ್ಟೆಂಬರಿನಲ್ಲಿ ಅವಳಿಗೆ ಜ್ವರ ಬಂತು. ಆಗ ಎಲ್ಲ ಕಡೆ ಜ್ವರ, ಹಾಗಾಗಿ ಮಾತ್ರೆ ಕೊಟ್ಟು ಮಲಗಿಸಿದರು. ಮೂತ್ರಪಿಂಡಕ್ಕೆ ಸೋಂಕು ಹತ್ತಿತ್ತು. ಬೇರೆಯವರಾಗಿದ್ದರೆ ನೋವಿಗೆ ಹೊರಳಾಡುತ್ತಿದ್ದರು, ಮನೆಯವರಿಗೆ ಗೊತ್ತಾಗುತ್ತಿತ್ತು. ನಯನಳ ಸೊಂಟದ ಕೆಳಗೆ ಏನಾಗುತ್ತಿದೆ ಅಂತ ನಯನಳಿಗೇ ತಿಳಿಯುತ್ತಿರಲಿಲ್ಲ. ನಾಲ್ಕನೇ ದಿನ ಮಾತು ತೊದಲಿತು. ಶಿವಮೊಗ್ಗಕ್ಕೆ ಒಯ್ದರು. ಅಷ್ಟರಲ್ಲಿ ಅದು ರಕ್ತಕ್ಕೆ ಸೇರಿತ್ತು. ಮೂರು ದಿನ ಇದ್ದಳು. ಕೊನೆಯ ದಿನ ಅಮ್ಮನ ಕೈ ಹಿಡಿದುಕೊಂಡಿದ್ದಳು.

ಅವಳನ್ನು ಮನೆಗೆ ತಂದಾಗ ನಾಲ್ಕು ಜನ ಹೊತ್ತುಕೊಂಡು ಪೈಪಿನ ದಾರಿಯಲ್ಲೇ ಇಳಿಯುವುದಕ್ಕೆ ಹೊರಟರು. ಮೊದಲ ತಿರುವಿನಲ್ಲೇ ಸ್ಟ್ರೆಚರು ತಿರುಗಲಿಲ್ಲ. ಜಟ್ಟಪ್ಪ ಕುರ್ಚಿಯ ಅಳತೆಗೆ ಮಾಡಿದ್ದ, ಮಲಗಿದ ಮನುಷ್ಯರ ಅಳತೆಗಲ್ಲ. ಸ್ವಲ್ಪ ವಾಲಿಸಿದರೆ ಆಗ್ತದೆ ಅಂತ ಯಾರೋ ಅಂದರು. ವಾಲಿಸುವುದು ಬೇಡ ಅಂದ ಜಟ್ಟಪ್ಪ. ಮತ್ತೆ ಹಿಂದಕ್ಕೆ ಹೋಗಿ ಮೆಟ್ಟಿಲಿನಲ್ಲಿ ಇಳಿಸಿದರು.

ಹದಿಮೂರನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ, ಕಮಲಕ್ಕ ಜಗಲಿಯಲ್ಲಿ ಕೂತು, ನೀವಾದ್ರೂ ಮಗಳಿಗೆ ಆಗುವಷ್ಟು ಮಾಡಿದಿರಿ, ನನ್ನಿಂದ ಏನೂ ಆಗಲಿಲ್ಲ ಅಂತ ಅತ್ತಳು. ಅದನ್ನು ಕೇಳಿಕೊಂಡು ಕೂರಲು ಜಟ್ಟಪ್ಪನಿಂದ ಆಗಲಿಲ್ಲ. ಟ್ಯಾಕಿನ ವಿಷಯ ಹೇಳಿದ. ಐದನೇ ದಿನ ಬಂದು ಎಲ್ಲ ಬೆಸೆದು ಮುಚ್ಚಿಹಾಕಿದ್ದನ್ನೂ ಹೇಳಿದ.

ಕಮಲಕ್ಕನ ಅಳು ನಿಂತಿತು. "ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನೀವಿಬ್ಬರೂ ಅದನ್ನ ಮಾತಾಡಿಕೊಂಡಿರಾ?"

"ಒಂದು ಸಲ."

"ಹಾಗಾದ್ರೆ ಈ ಮನೆಯಲ್ಲಿ ನಾನೊಬ್ಬಳೇ ಹೊರಗಿನವಳು" ಅಂದಳು ಅವಳು. ಬೈಯಲಿಲ್ಲ. ಮಾರನೇ ಬೆಳಿಗ್ಗೆ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಸಿರಿಮನೆಯಲ್ಲಿದ್ದ ಅಕ್ಕನ ಮನೆಗೆ ಹೋದಳು.

ಎಂಟು ತಿಂಗಳು ಜಟ್ಟಪ್ಪ ಒಬ್ಬನೇ ಇದ್ದ. ಮಾರಪ್ಪ ಬುತ್ತಿ ತಂದರೆ ಉಂಡ, ತರದಿದ್ದರೆ ಇಲ್ಲ. ಶೆಡ್ಡಿನ ಕೆಲಸ ನಡೆಯುತ್ತಿತ್ತು. ಎರಡು ಸಲ ಸಿರಿಮನೆಗೆ ಹೋಗಿ ಅಕ್ಕನ ಮನೆಯ ಜಗಲಿಯಲ್ಲಿ ಕಾಫಿ ಕುಡಿದು ವಾಪಸು ಬಂದ. ಬಾ ಅಂತ ಕರೆಯುವ ಧೈರ್ಯ ಬರಲಿಲ್ಲ. ಪೈಪಿನ ದಾರಿ ಬಿಚ್ಚಿ ಮಾರಿಬಿಡು ಅಂತ ಕೆಲವರು ಅಂದರು, ಅವನು ಬಿಚ್ಚಲಿಲ್ಲ.

ಜೂನ್ ತಿಂಗಳ ಮೊದಲ ಮಳೆಗೆ ಕಮಲಕ್ಕ ತಾನಾಗಿಯೇ ಬಂದಳು. ಚೀಲ ಇಟ್ಟು, ಒಲೆ ಹಚ್ಚಿ, ಅನ್ನ ಮಾಡಿ ಬಡಿಸಿದಳು. ಹದಿನೈದು ದಿನ ಅಗತ್ಯದ ಮಾತು ಬಿಟ್ಟರೆ ಬೇರೆ ಇಲ್ಲ. ಆಮೇಲೆ ಒಂದು ಸಂಜೆ, ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಕೇಳಿದಳು.

"ನಾನು ತೋಟಕ್ಕೆ ಹೋದಾಗ ನೀವಿಬ್ಬರೂ ಎಂತ ಮಾತಾಡ್ತಿದ್ರಿ?"

ಅವನು ತಡವರಿಸಿದ. ಎಂತದೋ, ಹೀಗೇ ಅಂದ.

"ಹೀಗೇ ಅಂದ್ರೆ ಆಗುದಿಲ್ಲ. ಹೇಳಿ. ಆ ಏಳು ತಿಂಗಳು ನನಗೆ ಬೇಕು."

ಜಟ್ಟಪ್ಪ ಹೇಳತೊಡಗಿದ. ಸಂಜೆಗೆ ಒಂದು. ಮಂಗಳೂರಿನ ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಹುಡುಗಿ ಇವಳ ಬಾಚಣಿಗೆ ಕದ್ದದ್ದು, ಗೊತ್ತಿದ್ದೂ ಇವಳು ಕೇಳದೆ ಇದ್ದದ್ದು. ಹಲಸಿನ ಹಪ್ಪಳದ ಡಬ್ಬ ಖಾಲಿ ಮಾಡಿ ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದು. ಪಿಯುಸಿಯಲ್ಲಿ ಮುತ್ತಿನಕೊಪ್ಪ ಕಡೆಯ ಒಬ್ಬ ಹುಡುಗ ಪೆನ್ನು ಕೊಟ್ಟಿದ್ದು, ಇವಳು ಬಿದ್ದ ಮೇಲೆ ಅವನು ಒಂದೇ ಸಲ ಬಂದು ಬಾಗಿಲಲ್ಲೇ ನಿಂತು ಹೋದದ್ದು. ಶಾಲೆಯಲ್ಲಿ ಮೇಡಂ ಆದರೆ ಮಕ್ಕಳಿಗೆ ಹೊಡೆಯುವುದಿಲ್ಲ ಅಂತ ಅವಳು ಅಂದುಕೊಂಡದ್ದು. ಕಮಲಕ್ಕ ಕೆಲವಕ್ಕೆ ನಕ್ಕಳು. ಕೆಲವನ್ನು ಎರಡೆರಡು ಸಲ ಹೇಳಿಸಿದಳು. ಅಮ್ಮ ತಲೆ ಬಾಚುವಾಗ ಅಳುವುದು ನನಗೆ ಆಗುವುದಿಲ್ಲ ಅಂತ ಮಗಳು ಅಂದಿದ್ದನ್ನು ಹೇಳುವುದೋ ಬೇಡವೋ ಅಂತ ಅವನು ನಾಲ್ಕು ದಿನ ಯೋಚಿಸಿದ. ಕೊನೆಗೆ ಹೇಳಿದ. "ಅದು ನನಗೆ ಗೊತ್ತಾಗಿತ್ತು" ಅಂದಳು ಕಮಲಕ್ಕ. "ಅದಕ್ಕೇ ಆಮೇಲೆ ಬಾಚುವಾಗ ಹಾಡು ಹೇಳಲಿಕ್ಕೆ ಶುರು ಮಾಡಿದ್ದು."

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಹತ್ತಿರ ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಒಂದು ಸಂಜೆ ಅವನು, ಇಷ್ಟೇ, ಇನ್ನಿಲ್ಲ ಅಂದ. ಕಮಲಕ್ಕ ಮೊರ ಪಕ್ಕಕ್ಕಿಟ್ಟಳು. ಗಂಡನನ್ನು ಕ್ಷಮಿಸಿದೆ ಅಂತ ಅವಳು ಎಂದೂ ಹೇಳಿದ್ದಿಲ್ಲ, ಆವತ್ತೂ ಹೇಳಲಿಲ್ಲ. ನಯನ ಹುಟ್ಟಿದ ದಿನ ನೀವು ಊರಲ್ಲಿ ಇರಲಿಲ್ಲ ಅಂದಳು. ಹೌದು, ಗೇಟು ಕೂರಿಸಲು ಹೋಗಿದ್ದೆ ಅಂದ ಅವನು. ಕೂಸು ಹುಟ್ಟಿದ ಕೂಡಲೇ ಅಳಲಿಲ್ಲ, ಕಣ್ಣು ಬಿಟ್ಟುಕೊಂಡು ಸುಮ್ಮನೆ ನೋಡುತ್ತಾ ಇತ್ತು, ಎಲ್ಲರೂ ಹೆದರಿದ್ದರು, ನನಗೆ ಮಾತ್ರ ಹೆದರಿಕೆ ಆಗಲಿಲ್ಲ ಅಂತ ಅವಳು ಹೇಳತೊಡಗಿದಳು. ಜಟ್ಟಪ್ಪ ಗೋಡೆಗೆ ಒರಗಿ ಕೇಳುತ್ತಾ ಕೂತ.